ಕೋಣದ ಎಣ್ಣೆ, ಮೊಮ್ಮಗಳ ಮೊಣಕಾಲು

ಮೊಮ್ಮಗಳು ಗೆದ್ದಳು! ಇವತ್ತು ಬೆಳಿಗ್ಗೆ ಮೂಡುಬಿದಿರೆಯ ಮೈದಾನದಲ್ಲಿ ನಾನೂರು ಮೀಟರ್ ಓಡಿ, ಎಲ್ಲರಿಗಿಂತ ಮೊದಲು ಗೆರೆ ದಾಟಿ, ಮೊಣಕಾಲು ಹಿಡಿದುಕೊಳ್ಳದೆ ನೆಟ್ಟಗೆ ನಿಂತಳು. ಪದಕ ಒಂದು ಕಡೆ ಇರಲಿ, ಆ ನೆಟ್ಟಗೆ ನಿಂತದ್ದನ್ನು ನೋಡಿ ನಾನು ಪಕ್ಕದಲ್ಲಿದ್ದ ಗುರುತು ಪರಿಚಯವಿಲ್ಲದವರ ಬೆನ್ನಿಗೆ ಗುದ್ದಿಬಿಟ್ಟೆ. ಪಾಪ, ಅವರೂ ನಕ್ಕರು. ನಾನು ಓದಿದ್ದು ನಾಲ್ಕನೇ ಕ್ಲಾಸು. ತಪ್ಪಿದ್ದರೆ ಓದುವವರೇ ತಿದ್ದಿಕೊಳ್ಳಿ, ನನಗೆ ಇವತ್ತು ಪುರುಸೊತ್ತಿಲ್ಲ.

ಅವಳು ಪಿಯುಸಿ ಓದುವುದು ಮೂಡುಬಿದಿರೆಯಲ್ಲಿ, ಹಾಸ್ಟೆಲಿನಲ್ಲಿದ್ದು. ಸೀಟು ಸಿಕ್ಕಿದ್ದು ಓಟದಿಂದ, ಆದ್ದರಿಂದ ಓಟ ನಿಂತರೆ ಸೀಟೂ ಹೋಗುತ್ತದೆ. ಕಳೆದ ಮಳೆಗಾಲದಲ್ಲಿ ಬೆಳ್ತಂಗಡಿಯ ನಮ್ಮ ಮನೆಗೆ ಅವಳು ಕುಂಟಿಕೊಂಡು ಬಂದಳು. ಮೊಣಕಾಲು ನೋವು. ಆ ದಿನವೇ ನಮ್ಮ ಮನೆಯಲ್ಲಿ ಎಲ್ಲರೂ ಡಾಕ್ಟರಾದರು. ಮಗ ಓಟ ಬಿಡು ಎಂದ. ಅವಳ ಚಿಕ್ಕಮ್ಮ, ಅಂದರೆ ನನ್ನ ಕಿರಿ ಸೊಸೆ, ಇನ್ನೂ ಮುಂದೆ ಹೋದಳು: "ಕಾಲು ಸೊಟ್ಟ ಆದ್ರೆ ಹುಡುಗಿ ನೋಡ್ಲಿಕ್ಕೆ ಬಂದವರು ಚಾ ಕುಡಿದು ಹೋಗ್ತಾರೆ, ಅಷ್ಟೆ." ಹುಡುಗಿಗೆ ಆಗ ಹದಿನಾರು ವರ್ಷ. ಚಾ ಕುಡಿಯಲು ಬರುವವರು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಎಲ್ಲರಿಗಿಂತ ದೊಡ್ಡ ಡಾಕ್ಟರು ನಾನು. ಅರ್ಧ ಆಯುಷ್ಯ ಕಂಬಳದ ಕೋಣ ಸಾಕಿದವನು. ಕೋಣಗಳ ಕಾಲಿಗೆ ತಿಕ್ಕುವ ಎಣ್ಣೆ ಬಾಟಲಿಯ ತಳದಲ್ಲಿ ಇನ್ನೂ ಉಳಿದಿತ್ತು. ಅದನ್ನು ಬಿಸಿ ಮಾಡಿ, ಕೋಣಕ್ಕೆ ತಿಕ್ಕಿದಷ್ಟೇ ಜೋರಾಗಿ ಮೊಮ್ಮಗಳ ಕಾಲಿಗೆ ತಿಕ್ಕಿದೆ. ಅವಳು ಅತ್ತಳು. "ತಡಕೊಂಡು ಓಡು, ಓಡಿದ್ರೆ ನೋವು ಬಿಡ್ತದೆ" ಎಂದು ಬುದ್ಧಿಯನ್ನೂ ಹೇಳಿದೆ. ಮರುದಿನ ಮೊಣಕಾಲು ಎಳೆ ಹಲಸಿನ ಗುಜ್ಜೆಯ ಹಾಗೆ ಊದಿತ್ತು.

"ನಿಮಗೆ ಕೋಣ ಯಾವುದು, ಮೊಮ್ಮಗಳು ಯಾವುದು ಅಂತ ಗೊತ್ತಾಗುದಿಲ್ವಾ ಮಾರಾಯ್ರೆ?" ಎಂದಳು ನನ್ನ ಹೆಂಡತಿ.

ಕಾಲೇಜಿನ ಪಿ.ಟಿ. ಮಾಸ್ಟ್ರು ಫೋನಿನಲ್ಲಿ ಬೈದು, ಬಂಟ್ವಾಳದಲ್ಲಿ ಆಟಗಾರರಿಗೆ ಚಿಕಿತ್ಸೆ ಕೊಡುವ ಒಬ್ಬ ಫಿಸಿಯೋ ಇದ್ದಾರೆ, ಅಲ್ಲಿಗೆ ಹೋಗಿ ಎಂದರು. ನಾನೇ ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಇಂಜೆಕ್ಷನ್ ಕೊಡುತ್ತಾರೆಂದು ನಾನು ಕಾದರೆ, ಆ ಹೆಂಗಸು ಇವಳನ್ನು ಒಂಟಿಕಾಲಲ್ಲಿ ನಿಲ್ಲಿಸಿ ಮೆಲ್ಲ ಕುಕ್ಕರಿಸಲು ಹೇಳಿದರು. ನೋವು ಮೊಣಕಾಲಿನಲ್ಲಿ, ಇವರು ನೋಡುವುದು ಸೊಂಟ! ಸೊಂಟದ ಮಾಂಸಖಂಡಕ್ಕೆ ಬಲ ಸಾಲದು, ಅದಕ್ಕೆ ಪ್ರತಿ ಹೆಜ್ಜೆಗೂ ಮೊಣಕಾಲು ಒಳಗೆ ವಾಲುತ್ತದೆ, ಭಾರವೆಲ್ಲ ಅಲ್ಲಿಗೇ ಬೀಳುತ್ತದೆ ಎಂದರು. ಆಮೇಲೆ ಕೇಳಿದರು: "ಇಷ್ಟು ಜೋರು ಎಣ್ಣೆ ತಿಕ್ಕಿದ್ದು ಯಾರು?"

ನಾನು ಫ್ಯಾನು ನೋಡಿದೆ. ಮೊಮ್ಮಗಳು ನನ್ನನ್ನು ನೋಡಿದಳು. ಕೋಣದ ಕಥೆ ಹೊರಗೆ ಬಂತು.

"ಅಜ್ಜ, ಕೋಣ ಕುಂಟಿದ್ರೆ ನೀವು ಏನು ಮಾಡ್ತೀರಿ?"

"ಕಂಬಳಕ್ಕೆ ಇಳಿಸುದಿಲ್ಲ. ಕೆರೆಯಲ್ಲಿ ಈಜಿಸ್ತೇವೆ. ದಿನಾ ಸ್ವಲ್ಪ ಸ್ವಲ್ಪ ನಡೆಸ್ತೇವೆ. ಓಟ ಮತ್ತೆ."

"ಇವಳಿಗೆ ಏನು ಹೇಳಿದ್ರಿ?"

"ತಡಕೊಂಡು ಓಡು ಅಂತ."

ಅವರು ಚೀಟಿ ಬರೆಯತೊಡಗಿದರು. ಬೈದಿದ್ದರೆ ಒಳ್ಳೆಯದಿತ್ತು. ನಮ್ಮ ಕಡೆ ಕೋಣಕ್ಕೆ ಹುರುಳಿ ಉಂಟು, ಫ್ಯಾನು ಉಂಟು, ವಿಶ್ರಾಂತಿ ಉಂಟು. ಓಡುವ ಹುಡುಗಿಗೆ ಮಾತ್ರ ಪುಕ್ಕಟೆ ಬುದ್ಧಿಮಾತು.

ಕಾಲೇಜಿಗೆ ರಜೆ ಹಾಕಿಸಿ ಅವಳನ್ನು ಮನೆಯಲ್ಲೇ ಉಳಿಸಿಕೊಂಡೆವು. ಆಮೇಲೆ ನಮ್ಮ ಅಂಗಳದಲ್ಲಿ ತಮಾಷೆ ಶುರುವಾಯಿತು. ಎರಡು ಕಾಲಿಗೂ ರಬ್ಬರಿನ ಪಟ್ಟಿ ಸಿಕ್ಕಿಸಿಕೊಂಡು ಮೊಮ್ಮಗಳು ಅಡ್ಡಡ್ಡ ನಡೆಯುವುದು, ಮೆಟ್ಟಿಲಿನಿಂದ ಒಂದೊಂದೇ ಕಾಲಿಟ್ಟು ಮೆಲ್ಲ ಇಳಿಯುವುದು. "ಏಡಿ ಹಿಡಿಲಿಕ್ಕೆ ಹೋಗುದಾ?" ಎಂದು ಚಿಕ್ಕಮ್ಮ ಜಗಲಿಯಲ್ಲಿ ಕುಳಿತು ನಗುವಳು. ಹತ್ತರಲ್ಲಿ ನೋವು ಎಷ್ಟೆಂದು ದಿನವೂ ಕ್ಯಾಲೆಂಡರಿನಲ್ಲಿ ಬರೆಯುವ ಕೆಲಸ ನನ್ನದು. ಏಳು, ಆರು, ಮತ್ತೆ ಏಳು. ನಾಲ್ಕಕ್ಕೆ ಇಳಿದ ದಿನ ಅವಳು ಶೂ ಹಾಕಿಕೊಂಡು ಹೊರಟೇಬಿಟ್ಟಳು. ಫಿಸಿಯೋ ಇನ್ನೂ ಓಡಬೇಡ ಎಂದಿದ್ದರು. ನಾನು ಗೇಟಿಗೆ ಅಡ್ಡ ನಿಂತೆ.

"ಅಜ್ಜ, ಒಂದೇ ರೌಂಡು!"

"ಕುಂಟುವ ಕೋಣವನ್ನು ಇಳಿಸುವ ಕ್ರಮ ಇಲ್ಲ."

"ನಾನು ಕೋಣವಾ?"

"ಕೋಣ ಆಗಿದ್ರೆ ಹೇಳಿದ ಮಾತು ಕೇಳ್ತಿತ್ತು."

ಎರಡು ದಿನ ನನ್ನೊಡನೆ ಮಾತು ಬಿಟ್ಟಳು. ಕ್ಯಾಲೆಂಡರಿನಲ್ಲಿ ಮಾತ್ರ ತಾನೇ ಬರೆದಳು. ಸೊನ್ನೆ ಬಂದ ಮೇಲೆಯೇ ಓಟ. ಅದೂ ಮೊದಲಿನ ಹಾಗೆ ಹಾರಿ ಹಾರಿ ಅಲ್ಲ, ಫಿಸಿಯೋ ಹೇಳಿಕೊಟ್ಟಂತೆ ಸಣ್ಣ ಹೆಜ್ಜೆ, ಬೇಗ ಬೇಗ.

ಇವತ್ತು ಕೊನೆಯ ತಿರುವಿನಲ್ಲಿ ನಾನು ಅವಳ ಮುಖ ನೋಡಲೇ ಇಲ್ಲ. ಮೊಣಕಾಲನ್ನೇ ನೋಡುತ್ತಿದ್ದೆ. ಒಮ್ಮೆಯೂ ಒಳಗೆ ವಾಲಲಿಲ್ಲ. ನೋವು ಬರುವ ಮೊದಲು ಕೂಡ ಇವಳು ಇಷ್ಟು ಬೇಗ ಓಡಿದ್ದಿಲ್ಲ ಎಂದು ಪಿ.ಟಿ. ಮಾಸ್ಟ್ರು ಗಡಿಯಾರ ತೋರಿಸಿದರು.

ಸಂಜೆ ಮನೆಯವರೆಲ್ಲ ಚಾವಡಿಯಲ್ಲಿ ಸಾಲಾಗಿ ಊಟಕ್ಕೆ ಕುಳಿತೆವು. ಕೋಳಿ ಸಾರು, ರೊಟ್ಟಿ. ಚಿಕ್ಕಮ್ಮ ಬಡಿಸುತ್ತ ಬಂದು ಮೆಲ್ಲ ಕೇಳಿದಳು: "ಮಗಾ, ಆ ರಬ್ಬರು ನಂಗೆ ಒಮ್ಮೆ ಕೊಡ್ತೀಯಾ? ಮೆಟ್ಲು ಹತ್ತುವಾಗ ಕಾಲು ನೋವುಂಟು."

"ಏಡಿ ಹಿಡಿಲಿಕ್ಕೆ ನೀವೂ ಬರ್ತೀರಾ ಚಿಕ್ಕಮ್ಮ?"

ಮಳೆಗಾಲದಿಂದ ಕುರ್ಚಿಯಲ್ಲಿ ಕುಳಿತು ಉಣ್ಣುತ್ತಿದ್ದ ಮೊಮ್ಮಗಳು ಇವತ್ತು ನನ್ನ ಪಕ್ಕ ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತಿದ್ದಳು. ಸಾರು ಮುಗಿಯಿತೆಂದು, ನೆಲಕ್ಕೆ ಕೈ ಊರದೆ ಎದ್ದು ಅಡುಗೆಮನೆಗೆ ನಡೆದಳು. ನನ್ನ ಬಟ್ಟಲಿಗೂ ಹಾಕಿಸಿಕೊಂಡು ಬಾ ಎಂದೆ.