ಮೂರು ವರ್ಷ ಯಾರೂ ನೋಡದ ಬಾಯಿ

ಆ ಸಕ್ಕರೆ ಡಾಕ್ಟರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಮೂರು ವರ್ಷ ನಮ್ಮ ಭಾವನ ಬೆರಳು ಚುಚ್ಚಿಸಿ ರಕ್ತ ತೆಗೆಸಿದರು, ಪಾದ ಒತ್ತಿ ನೋಡಿದರು, ಮಾತ್ರೆಯನ್ನು ಒಂದರಿಂದ ಎರಡು, ಎರಡರಿಂದ ನಾಲ್ಕು ಮಾಡಿದರು. ‘ಬಾಯಿ ತೆಗೀರಿ’ ಎಂದು ಒಂದು ಸಲವೂ ಹೇಳಲಿಲ್ಲ. ಬಾಯಿ ಬೇರೆ ಡಾಕ್ಟರ ಪಾಲಿಗಂತೆ. ಒಂದೇ ಮೈಯನ್ನು ಹೀಗೆ ಪಾಲು ಮಾಡಿ ಹಂಚಿದವರು ಯಾರೋ ನನಗೆ ತಿಳಿಯದು.

ಭಾವ ಎಂದರೆ ನನ್ನ ಅಕ್ಕನ ಗಂಡ. ಸೋಫಾ, ಕುರ್ಚಿಗಳಿಗೆ ಬಟ್ಟೆ ಹೊದಿಸುವ ಕೆಲಸ. ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಬಂದಾಗ ಈ ಕೆಲಸ ಕಲಿಸಿದವರು ಅವರೇ. ಆಮೇಲೆ ನಾನು ಸ್ವಂತ ಅಂಗಡಿ ಮಾಡಿದೆ, ಅವರು ನನ್ನಲ್ಲೇ ಕೆಲಸಕ್ಕೆ ಬಂದರು. ಅದಕ್ಕಾಗಿ ಎಂದೂ ಮುಖ ಸಣ್ಣ ಮಾಡಿಕೊಂಡವರಲ್ಲ. ಅಂಗಡಿಯಲ್ಲಿ ಅವರ ಹೆಸರು ‘ಮೊಳೆಬಾಯಿ’. ಒಂದು ಕೈ ಬಟ್ಟೆಯನ್ನು ಬಿಗಿ ಹಿಡಿದಿರುತ್ತದೆ, ಇನ್ನೊಂದರಲ್ಲಿ ಸುತ್ತಿಗೆ. ಹಾಗಾಗಿ ನಮಗೆಲ್ಲ ಮೊಳೆಗೆ ಬಾಯಿಯೇ ಡಬ್ಬಿ. ಭಾವ ಸಣ್ಣ ಮೊಳೆಗಳನ್ನು ಒಂದು ಹಿಡಿ ಬಾಯಿಗೆ ಹಾಕಿಕೊಂಡರೆ, ನಾಲಿಗೆ ಒಂದೊಂದನ್ನೇ ತಿರುಗಿಸಿ, ತಲೆ ಮುಂದಾಗಿ ಹಲ್ಲಿನ ನಡುವೆ ತಂದು ನಿಲ್ಲಿಸುತ್ತಿತ್ತು. ಅಯಸ್ಕಾಂತದ ಸುತ್ತಿಗೆ ತುಟಿ ಮುಟ್ಟುವುದು, ಮರಕ್ಕೆ ಬಡಿಯುವುದು. ಕುರ್ಚಿ ಮುಗಿಯುವವರೆಗೆ ಮಾತಿಲ್ಲ. ‘ಮನೇಲೂ ಒಂದು ಹಿಡಿ ಹಾಕ್ಕೊಳ್ಳಿ, ನೆಮ್ಮದಿಯಾಗಿರುತ್ತೆ’ ಎನ್ನುತ್ತಿದ್ದಳು ಅಕ್ಕ.

ಉಗುಳಿನಲ್ಲಿ ರಕ್ತ ಕಂಡರೆ ನಮ್ಮ ಕೆಲಸದವರು ತಿರುಗಿಯೂ ನೋಡುವುದಿಲ್ಲ. ಮೊಳೆ ಚುಚ್ಚಿರುತ್ತದೆ, ಅಷ್ಟೇ. ಭಾವನಿಗೆ ದಿನಾ ಬರುತ್ತಿತ್ತು. ಅದನ್ನೂ ಮೊಳೆಯ ತಲೆಗೇ ಕಟ್ಟಿದೆವು.

ಅಷ್ಟರಲ್ಲಿ ಎರಡೂ ಕಣ್ಣಿಗೆ ಪೊರೆ ಬಂತು. ಬಿಳಿ ಬಟ್ಟೆಯ ಮೇಲೆ ಬಿಳಿ ದಾರ ಕಾಣಿಸದೆ ಹೊಲಿಗೆಯನ್ನು ಬೆರಳಲ್ಲಿ ತಡವತೊಡಗಿದರು. ಸಕ್ಕರೆ ಇಳಿಸಿಕೊಂಡು ಬಂದರೆ ಮಾತ್ರ ಆಪರೇಷನ್ ಎಂದರು ಕಣ್ಣಿನ ಆಸ್ಪತ್ರೆಯವರು. ಕಣ್ಣು ಹೋದರೆ ಕೆಲಸ ಹೋಯಿತು. ಅಂಗಡಿ ಬಿಟ್ಟು, ಎರಡು ಬಸ್ಸು ಬದಲಿಸಿ ಮೂರು ಸಲ ಹೋದೆವು. ಮೂರು ಸಲವೂ ವಾಪಸ್. ಬೆಂಚಿನ ಮೇಲೆ ಕೂತು ಕೂತು ನನ್ನ ಸೊಂಟ ಬಿದ್ದುಹೋಯಿತು. ಕೊನೆಗೆ ಸಕ್ಕರೆ ಡಾಕ್ಟರು ಚೀಟಿ ನೋಡಿ, ‘ಕದ್ದು ಸಿಹಿ ತಿಂತಾರೆ. ಮನೆಯವರು ಒಂದು ಕಣ್ಣಿಟ್ಟಿರಿ’ ಎಂದುಬಿಟ್ಟರು.

ಅಕ್ಕ ಮನೆಗೆ ಬಂದವಳೇ ಸಕ್ಕರೆ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು.

‘ನಾನೇನು ಕಳ್ಳನೇನೇ?’ ಎಂದರು ಭಾವ.

‘ಮತ್ತೆ ಅರ್ಧ ಊಟಕ್ಕೇ ಏಳ್ತೀರಲ್ಲ, ಹೊರಗೆ ಹೊಟ್ಟೆ ತುಂಬಿಸ್ಕೊಳ್ದೇ ಹಾಗೆ ಏಳೋಕಾಗುತ್ತಾ?’

ಭಾವ ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೊರಟರು.

ಅದೇ ವಾರ ಅಂಗಡಿಯಲ್ಲಿ ಗಮನಿಸಿದೆ. ಮೊಳೆ ಬಾಯಲ್ಲಿಲ್ಲ, ಜೇಬಿನಲ್ಲಿದೆ. ಒಂದೊಂದನ್ನೇ ತಡಕಿ ತೆಗೆಯುತ್ತಿದ್ದಾರೆ. ಗಂಟೆಗೊಮ್ಮೆ ಹಿಂದುಗಡೆ ಹೋಗಿ, ಚೀಲದಿಂದ ಏನೋ ತೆಗೆದು ಬಾಯಿಗೆ ಹಾಕಿಕೊಳ್ಳುತ್ತಿದ್ದಾರೆ. ನನಗೆ ಪಿತ್ತ ನೆತ್ತಿಗೇರಿತು. ಮೂವರು ಕೆಲಸಗಾರರ ಎದುರಿಗೇ ಚೀಲ ಕಿತ್ತುಕೊಂಡೆ.

‘ನಿಮ್ಮ ಕಣ್ಣಿಗೋಸ್ಕರ ನಾವು ಬಸ್ಸು ಹತ್ತಿ ಇಳಿದು ಸಾಯ್ತಿದೀವಿ, ನೀವಿಲ್ಲಿ ಮಿಠಾಯಿ ಚೀಪ್ತೀರಾ ಭಾವ?’

‘ಕೊಡಪ್ಪ ಇಲ್ಲಿ. ನೀನು ಹುಡುಕ್ತಿರೋದು ಅದ್ರಲ್ಲಿಲ್ಲ.’

ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಚೀಲ ಕೊಡವಿದೆ. ಊಟದ ಡಬ್ಬಿ, ಲವಂಗದ ಪೊಟ್ಟಣ, ರೆಕ್ಸಿನ್ ತುಂಡಿನ ಒಂದು ಗಂಟು. ಬಿಚ್ಚಿದರೆ ಮೂರು ಹಲ್ಲು. ಹುಳುಕಿಲ್ಲ, ಮುರಿದಿಲ್ಲ, ಬೇರು ಸಮೇತ ಹಾಗೇ ಇವೆ.

‘ಅಲ್ಲಾಡ್ತಿತ್ತು, ಕಿತ್ಕೊಂಡೆ’ ಎಂದರು ಭಾವ, ಬೇರೆ ಕಡೆ ನೋಡುತ್ತ. ‘ಹೇಳಿದ್ರೆ ನೀನು ಮೊಳೆ ಕೆಲಸ ಬಿಡಿಸಿ ಸ್ಪಂಜು ಕತ್ತರಿಸೋಕೆ ಕೂರಿಸ್ತಿದ್ದೆ.’

ಕೂರಿಸುತ್ತಿದ್ದೆ. ಸುಳ್ಳು ಹೇಳಲಾರೆ.

ಅವತ್ತೇ ಹಲ್ಲಿನ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಆಕೆ ವಸಡು ಒತ್ತಿದರೆ ಕೀವು ಬಂತು. ‘ಇವರಿಗೆ ಸಕ್ಕರೆ ಕಾಯಿಲೆ ಇದೆಯಾ?’ ಎಂಬುದೇ ಆಕೆಯ ಮೊದಲ ಮಾತು.

‘ಇದೆಯಮ್ಮ. ಎಷ್ಟು ಮಾಡಿದ್ರೂ ಇಳಿಯಲ್ಲ. ಕದ್ದು ತಿಂತಾರೆ ಅಂದ್ರು.’

‘ಕದ್ದು ತಿನ್ನೋಕೂ ಹಲ್ಲು ಬೇಕಲ್ರೀ. ಸಕ್ಕರೆ ಜಾಸ್ತಿ ಇದ್ರೆ ವಸಡು ವಾಸಿಯಾಗಲ್ಲ, ವಸಡಲ್ಲಿ ಕೀವಿದ್ರೆ ಸಕ್ಕರೆ ಬೇಗ ಇಳಿಯಲ್ಲ. ಒಂದನ್ನೊಂದು ಎಳೀತಿರ್ತವೆ. ಎರಡನ್ನೂ ಒಟ್ಟಿಗೇ ನೋಡ್ಬೇಕು.’

ನಾಲ್ಕು ಸಲ ವಸಡು ಕೆರೆದು ತೊಳೆದರು. ಇನ್ನೂ ಐದು ಹಲ್ಲು ಕೀಳಿಸಬೇಕಾಯಿತು. ಮಾತ್ರೆ ಅವೇ, ಪಥ್ಯ ಅದೇ. ನಾಲ್ಕು ತಿಂಗಳಿಗೆ ಸಕ್ಕರೆ ಇಳಿಯಿತು. ಪೂರ್ತಿಯಲ್ಲ, ಕಣ್ಣಿನವರು ಒಪ್ಪುವಷ್ಟು. ಮೊದಲು ಬಲಗಣ್ಣು, ಆಮೇಲೆ ಎಡಗಣ್ಣು ಮಾಡಿದರು. ಅಕ್ಕ ಬೀರುವಿನ ಬೀಗ ತೆಗೆದು, ‘ತಪ್ಪಾಯ್ತು ರೀ’ ಎಂದಳು. ‘ಆಯ್ತು ಬಿಡೇ’ ಎಂದರು ಭಾವ. ಅವಳಿಗೆ ಅಷ್ಟು ಸಲೀಸಾಗಿ ಬಂದ ಮಾತು ನನ್ನ ಬಾಯಿಂದ ಹೊರಡಲಿಲ್ಲ.

ಕಟ್ಟಿಸಿದ ಹಲ್ಲಿನಲ್ಲಿ ಮೊಳೆ ನಿಲ್ಲುತ್ತಿರಲಿಲ್ಲ. ನಾನೇ ಪಕ್ಕದಲ್ಲಿ ನಿಂತು ಒಂದೊಂದೇ ಮೊಳೆ ಕೊಡುತ್ತಿದ್ದೆ. ಒಂದು ದಿನ ಅವರೇ, ‘ಏನೋ ಹೇಳೋಕಿದೆ ಅಂತ ಕಾಣುತ್ತೆ ನಿನಗೆ’ ಎಂದರು.

‘ಏನಿಲ್ಲ ಭಾವ, ಈ ಕುರ್ಚಿ ನಾಳೆ ಕೊಡ್ಬೇಕು.’

‘ಸರಿ, ಮೊಳೆ ಕೊಡು ಹಾಗಾದ್ರೆ.’

ಎರಡು ವರ್ಷ ಹಾಗೇ ಹೋಯಿತು. ಹೋದ ಚಳಿಗಾಲದಲ್ಲಿ ಜ್ವರ ಬಂದು, ಕಫ ಕಟ್ಟಿ, ಎಂಟೇ ದಿನಕ್ಕೆ ಭಾವ ತೀರಿಕೊಂಡರು. ಅವತ್ತು ನಾನು ಚೀಲ ಕಿತ್ತುಕೊಂಡದ್ದನ್ನು ನಿಂತು ನೋಡಿದ ಮೂವರು ಇನ್ನೂ ನನ್ನಲ್ಲೇ ಕೆಲಸ ಮಾಡುತ್ತಿದ್ದಾರೆ. ಹೇಳಬೇಕಾಗಿದ್ದದ್ದು ಅವರೆದುರಿಗೇ. ಕೇಳಿಸಿಕೊಳ್ಳಬೇಕಾದವರು ಇಲ್ಲ.