ನಾವು ನೋಡದ ಹನ್ನೆರಡು ನಿಮಿಷ

ಅಲ್ಲ, ಅವನ ಬನಿಯನ್ನು ನೀಲಿಯಾಗಿರಲಿಲ್ಲ. ಇರಲು ಸಾಧ್ಯವೇ ಇರಲಿಲ್ಲ, ಸಿನಿಮಾ ಕಪ್ಪು ಬಿಳುಪಿನದು. ಮೊನ್ನೆ ಭಾನುವಾರ ಮಗಳು ಅದನ್ನು ಎಲ್ಲಿಂದಲೋ ಹುಡುಕಿ ತೆಗೆದು ಫೋನನ್ನು ನನ್ನ ಮೂಗಿನ ಮುಂದೆ ಹಿಡಿದಾಗ ಮೊದಲು ಕಂಡದ್ದೇ ಇದು. ನಲವತ್ತು ವರ್ಷಗಳಿಂದ ನಾನು ಆ ಓಟಗಾರನಿಗೆ ನೀಲಿ ಬನಿಯನ್ನು ತೊಡಿಸಿ ಕೆಮ್ಮಣ್ಣಿನ ಮೈದಾನದಲ್ಲಿ ಓಡಿಸುತ್ತಿದ್ದೇನೆ. ಮಣ್ಣೂ ಕೆಂಪಲ್ಲ ಎಂದಾಯಿತು. ಹೀಗಿರುವಾಗ ಮುಂದೆ ಹೇಳುವುದರಲ್ಲಿ ಎಷ್ಟನ್ನು ನಂಬಬೇಕು ಎಂಬುದು ನಿಮಗೆ ಬಿಟ್ಟದ್ದು. ನಾನು ಸುಮಾರು ಅರ್ಧ ನಂಬುತ್ತೇನೆ, ಅದೂ ಕಾಫಿ ಕುಡಿದ ಮೇಲೆ.

ಬಸ್ಸಿನ ವಿಷಯ ಮಾತ್ರ ಖಂಡಿತ. ಸಿದ್ದಾಪುರದಿಂದ ನಮ್ಮ ಎಸ್ಟೇಟಿನ ಕಡೆಗೆ ಕೊನೆಯ ಬಸ್ಸು ಸಂಜೆ ಆರಕ್ಕೆ ಹೊರಡುತ್ತಿತ್ತು. ಟಾಕೀಸಿನಲ್ಲಿ ಮ್ಯಾಟಿನಿ ಬಿಡುವುದು ಆರೂ ಐದಕ್ಕೋ ಹತ್ತಕ್ಕೋ. ಬಸ್ಸು ತಪ್ಪಿದರೆ ಏಳು ಮೈಲಿ ತೋಟದ ದಾರಿ, ನಡುವೆ ಆನೆ ದಾಟುವ ಜಾಗ ಎರಡು. ಆದ್ದರಿಂದ ಆರಕ್ಕೆ ಐದು ನಿಮಿಷವಿರುವಾಗ ಕಂಡಕ್ಟರ್ ಮೊಯ್ದು ಟಾಕೀಸಿನ ಬಾಗಿಲ ಪರದೆ ಸರಿಸಿ ನಿಲ್ಲುತ್ತಿದ್ದ. "ಏಳಿ ಏಳಿ, ಹೀರೋಗೆ ಬಸ್ ಬೇಡ, ನಿಮಗೆ ಬೇಕು." ನಾವು ಎದ್ದು, ಕೂತವರ ಕಾಲು ತುಳಿದು, ನಾಲ್ಕು ಭಾಷೆಗಳಲ್ಲಿ ಬೈಸಿಕೊಂಡು ಹೊರಗೆ ಬರುತ್ತಿದ್ದೆವು. ನಮ್ಮ ಎಸ್ಟೇಟಿನಲ್ಲಿ ಯಾರೂ ಯಾವ ಸಿನಿಮಾದ ಕೊನೆಯನ್ನೂ ನೋಡಿದವರಲ್ಲ.

ಹಾಗೆಂದು ಕನಿಕರ ಪಡಬೇಡಿ. ಕೊನೆಯನ್ನು ನಾವು ಬಸ್ಸಿನಲ್ಲಿ ಮಾಡಿಕೊಳ್ಳುತ್ತಿದ್ದೆವು. ಏಳು ಮೈಲಿಯಲ್ಲಿ ಪ್ರತಿಯೊಬ್ಬರೂ ತಮ್ಮದೊಂದು ಕ್ಲೈಮ್ಯಾಕ್ಸ್ ಹೇಳಬೇಕು, ಉಳಿದವರು ತಕರಾರು ಮಾಡಬೇಕು, ಇಳಿಯುವಷ್ಟರಲ್ಲಿ ಒಂದು ತೀರ್ಮಾನಕ್ಕೆ ಬರಬೇಕು. ಕೂಲಿ ಮನೆಗಳ ಲೈನಿನ ಸೆಲ್ವಿಯಕ್ಕನ ಕೈಯಲ್ಲಿ ವಿಲನ್ ಒಬ್ಬನೂ ಉಳಿದದ್ದಿಲ್ಲ.

ಆ ಓಟಗಾರನ ಸಿನಿಮಾಕ್ಕೆ ಅಪ್ಪನೂ ಬಂದಿದ್ದರು. ಅಪ್ಪ ಎಸ್ಟೇಟಿನ ರೈಟರ್. ಎಂದರೆ ನನ್ನ ಹಾಗೆ ಕೂತು ಬರೆಯುವವರಲ್ಲ. ಬೆಳಿಗ್ಗೆ ಮಸ್ಟರಿನಲ್ಲಿ ಆಳುಗಳನ್ನು ನಿಲ್ಲಿಸಿ, ಹೆಸರು ಕೂಗಿ, ಕೆಲಸ ಹಂಚುವವರು. ನಮ್ಮ ಕ್ವಾರ್ಟರ್ಸು ಕೂಲಿಯವರ ಲೈನಿಗಿಂತ ಇಪ್ಪತ್ತು ಮೆಟ್ಟಿಲು ಮೇಲಿತ್ತು. ಮೆಟ್ಟಿಲುಗಳು ಕಲ್ಲಿನವೇ, ಆದರೆ ಅಪ್ಪ ಅವನ್ನು ಬೇರೆ ರೀತಿಯಲ್ಲೂ ಎಣಿಸುತ್ತಿದ್ದರು.

ಅಮ್ಮನ ತಂಗಿ ಲೀಲಾ ಚಿಕ್ಕಮ್ಮ ನಮ್ಮ ಜೊತೆಗೇ ಇದ್ದಳು. ಪಿಯುಸಿ ಇಂಗ್ಲಿಷಿನಲ್ಲಿ ಮೂರು ಸಲ ಫೇಲಾಗಿದ್ದಳು. ಅದು ಪಾಸಾದರೆ ಟೀಚರ್ ಟ್ರೈನಿಂಗು, ಆಮೇಲೆ ಸ್ಕೂಲು, ಆಮೇಲೆ ಟೀಚರನ್ನೇ ಹುಡುಕುವ ಗಂಡು. ದಾರಿಯೆಲ್ಲ ಅಪ್ಪ ಹಾಕಿಟ್ಟಿದ್ದರು. ಅವಳು ನಡೆಯುವುದೊಂದು ಬಾಕಿ.

ಸಿನಿಮಾದಲ್ಲಿ ಆ ಬಡವ ಎರಡು ಗಂಟೆ ಕಾಲ ಸೋಲುತ್ತಲೇ ಇರುತ್ತಾನೆ. ಅವನ ತಾಯಿ ಒಂದು ಓಟಕ್ಕೂ ಬರುವುದಿಲ್ಲ. ಕೊನೆಗೆ ದೊಡ್ಡ ಪಂದ್ಯ ಶುರುವಾಗುತ್ತದೆ. ಎಲ್ಲರಿಗಿಂತ ಹಿಂದೆ, ಪಕ್ಕೆ ಹಿಡಿದುಕೊಂಡು ಅವನು ತಿರುವಿಗೆ ಬರುವಾಗ ಮೊಯ್ದು ಪರದೆ ಸರಿಸಿದ.

ಬಸ್ಸಿನಲ್ಲಿ ಸೆಲ್ವಿಯಕ್ಕ ಹೇಳಿದಳು: "ಹೀರೋ ಅಲ್ವಾ, ಗೆದ್ದೇ ಗೆಲ್ತಾನೆ. ಸೋಲೋದು ನೋಡೋಕೆ ಟಿಕೇಟ್ ಯಾಕೆ, ನಮ್ ಲೈನಿಗೆ ಬಂದ್ರೆ ಆಯ್ತಲ್ಲ."

"ಗೆಲ್ಲಲೇಬೇಕು," ಎಂದರು ಅಪ್ಪ. ಅವರು ನೋಡಿದ್ದು ಸೆಲ್ವಿಯಕ್ಕನನ್ನಲ್ಲ. "ನಾಲ್ಕನೇ ಸಲವಾದ್ರೂ ಮನುಷ್ಯ ಗೆಲ್ತಾನೆ."

ಚಿಕ್ಕಮ್ಮ ಕಿಟಕಿಯ ಕಡೆ ಮುಖ ಮಾಡಿದ್ದಳು. "ಅವ ಗೆಲ್ಲುದಿಲ್ಲ ಭಾವ. ಸೋಲುದೂ ಇಲ್ಲ. ಓಡ್ತಾ ಓಡ್ತಾ ಹಗ್ಗದ ಕೆಳಗೆ ನುಸುಳಿ ಆಚೆ ಹೋಗ್ತಾನೆ."

"ಆಚೆ ಎಂದ್ರೆ ಎಲ್ಲಿಗೆ?"

"ಅವನಿಗೆ ಎಲ್ಲಿಗೆ ಬೇಕೋ ಅಲ್ಲಿಗೆ."

"ಹಾಗಾದ್ರೆ ನಾನು ಅವನಿಗೆ ಟಿಕೇಟ್ ಎಲ್ಲಿಗೆ ಹರೀಲಿ?" ಎಂದ ಮೊಯ್ದು. ಬಸ್ಸೆಲ್ಲ ನಕ್ಕಿತು. ಅಪ್ಪ ನಗಲಿಲ್ಲ. ಚಿಕ್ಕಮ್ಮನ ಮಾತನ್ನು ನಾನು ಇಷ್ಟು ನೀಟಾಗಿ ಬರೆದಿರುವುದರಿಂದಲೇ ನನಗೆ ಅನುಮಾನ. ಏಳು ಮೈಲಿಯ ಗುಂಡಿಗಳಲ್ಲಿ ಯಾರೂ ಇಷ್ಟು ಸರಿಯಾಗಿ ಮಾತಾಡಿರಲಾರರು.

ಅದಾಗಿ ಒಂದು ವಾರಕ್ಕೋ ಒಂದು ತಿಂಗಳಿಗೋ ಅಪ್ಪ ನಾಲ್ಕನೆಯ ಪರೀಕ್ಷೆಯ ಫಾರಂ ತಂದರು. ಮರುದಿನ ಬೆಳಿಗ್ಗೆ ನೋಡಿದರೆ ಫಾರಂ ಖಾಲಿಯಾಗಿಯೇ ಮೇಜಿನ ಮೇಲಿತ್ತು, ಚಿಕ್ಕಮ್ಮ ಮನೆಯಲ್ಲಿರಲಿಲ್ಲ. ತಲೆಗೆ ಟವೆಲು ಕಟ್ಟಿ ಇಪ್ಪತ್ತು ಮೆಟ್ಟಿಲು ಇಳಿದು ಮಸ್ಟರಿನ ಸಾಲಿನಲ್ಲಿ ಸೆಲ್ವಿಯಕ್ಕನ ಪಕ್ಕ ನಿಂತಿದ್ದಳು. ಕಾಫಿ ಸಸಿಗಳ ನರ್ಸರಿ ಕೆಲಸಕ್ಕೆ ಆಳು ಬೇಕೆಂದು ಹಿಂದಿನ ದಿನ ಊಟಕ್ಕೆ ಕೂತಾಗ ಅಪ್ಪನೇ ಹೇಳಿದ್ದರು.

ಅಪ್ಪ ಎಲ್ಲರ ಹೆಸರು ಕೂಗಿ ಪುಸ್ತಕ ಮಡಚಿದರು. ಅವಳ ಹೆಸರು ಕೂಗಲಿಲ್ಲ. ಅವಳು ಹೆಸರಿಲ್ಲದೆಯೇ ನರ್ಸರಿಗೆ ಹೋಗಿ ಸಂಜೆಯವರೆಗೆ ಸಸಿ ನೆಡುವ ಪ್ಲಾಸ್ಟಿಕ್ ಬ್ಯಾಗಿಗೆ ಮಣ್ಣು ತುಂಬಿದಳು. ಎರಡನೆಯ ದಿನವೂ ಹಾಗೆಯೇ, ಮೂರನೆಯ ದಿನವೂ. ಸೆಲ್ವಿಯಕ್ಕ ಲೈನಿಗೆಲ್ಲ ಕೇಳುವ ಹಾಗೆ ಅಂದಳು, "ಹೆಸರು ಕರೀದೆ ತೋಟಕ್ಕೆ ಬರೋರು ಇಬ್ಬರೇ. ಒಂದು ಆನೆ, ಇನ್ನೊಂದು ನಮ್ ಲೀಲಕ್ಕ."

ಮೂರನೆಯ ಸಂಜೆ ಅಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತರು. "ಸಾಲಲ್ಲಿ ನಿಂತವರ ಮುಂದೆ ನಾನು ಯಾವ ಬಾಯಲ್ಲಿ ನಿನ್ನ ಹೆಸರು ಕೂಗ್ಲಿ?"

"ಅವರ ಹೆಸರು ಕೂಗುವ ಬಾಯಲ್ಲೇ ಭಾವ."

"ಗೆಲ್ಲುವ ಓಟ ಬಿಟ್ಟು ಮಣ್ಣಿಗೆ ಕೈ ಹಾಕ್ತೀಯಲ್ಲ, ನಾಚಿಕೆ ಆಗುದಿಲ್ವಾ?"

"ಓಟ ನಿಮ್ದು. ಕಾಲು ಮಾತ್ರ ನಂದು."

ಅಮ್ಮ ನಡುವೆ ಬಂದು ತಟ್ಟೆ ಇಟ್ಟಳು. ನಾಲ್ಕನೆಯ ಬೆಳಿಗ್ಗೆ ಶಾಲೆಗೆ ಹೊರಟಿದ್ದ ನಾನು ಮೆಟ್ಟಿಲ ಮೇಲಿಂದ ನೋಡಿದೆ. ಅಪ್ಪ ಪುಸ್ತಕದ ಕೊನೆಯ ಸಾಲಿಗೆ ಬಂದು ತಡೆದರು, ಕನ್ನಡಕ ಒರೆಸಿದರು, ಮತ್ತೆ ಹಾಕಿಕೊಂಡರು.

"ಲೀಲಾವತಿ."

"ಇದ್ದೇನೆ, ರೈಟ್ರೆ."

ಭಾವ ಎನ್ನಲಿಲ್ಲ. ಆ ದಿನ ನಾನು ಶಾಲೆಯಲ್ಲಿ ಹಾಜರಿ ಕೂಗಿದಾಗ ಇದ್ದೇನೆ ಎಂದು ಹೇಳಿ ಏಟು ತಿಂದೆ, ಅಲ್ಲಿ 'ಎಸ್ ಸಾರ್' ಎನ್ನಬೇಕಿತ್ತು.

ಈಗ ನೀವು ಕಾಯುತ್ತಿದ್ದೀರಿ, ನನಗೆ ಗೊತ್ತು. ಚಿಕ್ಕಮ್ಮ ಮುಂದೆ ಸ್ವಂತ ನರ್ಸರಿ ಮಾಡಿದಳು, ಊರೂರಿಗೆ ಗಿಡ ಕಳಿಸಿದಳು, ಹಾರ ಹಾಕಿಸಿಕೊಂಡಳು, ಅಪ್ಪ ಕಣ್ಣೊರೆಸಿಕೊಂಡರು ಎಂದು ಹೇಳಲಿ ಎಂದು. ಹೇಳುವುದಿಲ್ಲ. ಅಂಥದ್ದೇನೂ ಆಗಲಿಲ್ಲ. ಅವಳು ಇಪ್ಪತ್ತೆರಡು ವರ್ಷ ಅದೇ ನರ್ಸರಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಬ್ಯಾಗು ತುಂಬಿದಳು. ಬೀಜವನ್ನೇ ಟೋಪಿಯ ಹಾಗೆ ಹೊತ್ತು ನಿಂತ ಕಾಫಿ ಮೊಳಕೆಯನ್ನು ಪಾತಿಯಿಂದ ಕಿತ್ತು, ತಾಯಿಬೇರಿನ ತುದಿ ಚಿವುಟಿ, ಬ್ಯಾಗಿನಲ್ಲಿ ನೇರವಾಗಿ ಇಳಿಸಿದಳು. ಬೇರು ಒಳಗೆ ಮಡಚಿಕೊಂಡರೆ ಗಿಡ ಒಂದೆರಡು ವರ್ಷ ಚೆನ್ನಾಗಿಯೇ ಕಾಣುತ್ತದೆ, ಆಮೇಲೆ ಕಾರಣವಿಲ್ಲದೆ ಸೊರಗುತ್ತದೆ. "ಮೇಲಿಂದ ನೋಡಿದೋರಿಗೆ ಗೊತ್ತಾಗುದಿಲ್ಲ," ಎನ್ನುತ್ತಿದ್ದಳು. ಅವಳು ನೆಟ್ಟ ಗಿಡಗಳು ಯಾರ ತೋಟದಲ್ಲಿ ಹೂ ಬಿಟ್ಟವೋ ಅವಳು ನೋಡಿದವಳಲ್ಲ. ಮಂಡಿ ಸವೆಯಿತು. ಮದುವೆಯಾಗಲಿಲ್ಲ. ಇದನ್ನು ಸೋಲು ಎನ್ನುವವರು ನಮ್ಮ ನೆಂಟರಲ್ಲಿ ಬೇಕಾದಷ್ಟು ಇದ್ದಾರೆ. ಅವರ ಯಾರ ಮನೆಯಲ್ಲೂ ಅವಳಷ್ಟು ಹಗುರವಾಗಿ ಬೆಳಿಗ್ಗೆ ಎದ್ದವರನ್ನು ನಾನು ಕಂಡಿಲ್ಲ.

ಇದನ್ನೆಲ್ಲ ಇಟ್ಟುಕೊಂಡು ನಾನೊಂದು ಸಿದ್ಧಾಂತ ಕಟ್ಟಿದ್ದೆ. ಆರು ಗಂಟೆಯ ಬಸ್ಸು ನಮ್ಮನ್ನು ಗೆಲುವಿನ ದೃಶ್ಯದಿಂದ ಕಾಪಾಡಿತು. ಕೊನೆಯ ರೀಲು ನೋಡದ ಚಿಕ್ಕಮ್ಮ ಗೆಲ್ಲುವುದನ್ನು ಬಿಟ್ಟು ಬೇರೊಂದನ್ನು ಊಹಿಸಿಕೊಂಡಳು. ಆ ಸಿನಿಮಾ ನೋಡದಿದ್ದರೆ, ಅಥವಾ ಪೂರ್ತಿ ನೋಡಿದ್ದರೆ, ಅವಳು ಫಾರಂ ತುಂಬುತ್ತಿದ್ದಳು. ಇದನ್ನು ಎರಡು ಸಭೆಗಳಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಅರ್ಧಕ್ಕೆ ಬಿಟ್ಟ ಲಾ ಓದಿಗೂ, ಗಾರೆ ಕಾಣದ ಮನೆಯ ಹಿಂದಿನ ಗೋಡೆಗೂ, ಮುಗಿಯದ ಮೂರು ಕಾದಂಬರಿಗಳಿಗೂ ಇದೇ ಕಾರಣ ಕೊಟ್ಟು ಹೆಂಡತಿಯಿಂದ ಬಚಾವಾಗಿದ್ದೇನೆ.

ಮೊನ್ನೆ ಮಗಳು ಫೋನಿನ ಗೆರೆಯ ಮೇಲೆ ಬೆರಳಿಟ್ಟು, "ಅಪ್ಪ, ಇನ್ನು ಹನ್ನೆರಡು ನಿಮಿಷ ಇದೆ, ನೋಡೇ ಬಿಡುವ," ಎಂದಳು. ಬೇಡ ಎನ್ನುವಷ್ಟರಲ್ಲಿ ತಿರುವು ಬಂದಿತ್ತು. ಪಕ್ಕೆ ಹಿಡಿದ ಓಟಗಾರ ಒಬ್ಬನನ್ನು ದಾಟಿದ, ಇಬ್ಬರನ್ನು ದಾಟಿದ. ಈಗ ನಮ್ಮ ಮನೆಯಲ್ಲೇ ಇರುವ ಚಿಕ್ಕಮ್ಮ ಜಗಲಿಯಲ್ಲಿ ನಮಗೆ ಬೆನ್ನು ಹಾಕಿ ಮೊರದಲ್ಲಿ ಮನೆಖರ್ಚಿನ ಕಾಫಿ ಬೀಜ ಆರಿಸುತ್ತಿದ್ದಳು. ಫೋನಿನ ಸದ್ದು ಅವಳಿಗೂ ಕೇಳುತ್ತಿತ್ತು. ಕರಿ ಬೀಜವೊಂದನ್ನು ಅಂಗಳಕ್ಕೆ ಎಸೆದು, ತಿರುಗಿ ನೋಡದೆಯೇ ಹೇಳಿದಳು:

"ಈಗ ಅವನ ತಾಯಿ ಬರ್ತಾಳೆ ನೋಡು. ಕೈಲಿ ಅವನ ಹಳೇ ಚಪ್ಪಲಿ."

ತಾಯಿ ಬಂದಳು. ಜನರ ನಡುವೆ ನುಗ್ಗಿ, ಎದೆಗೆ ಒಂದು ಜೊತೆ ಚಪ್ಪಲಿ ಒತ್ತಿಕೊಂಡು. ಮಗ ಗೆದ್ದ. ಹಾರ, ಬ್ಯಾಂಡು, ಮುಕ್ತಾಯ.

ಮಗಳು ನನ್ನ ಮುಖ ನೋಡಿದಳು. ನಾನು ಜಗಲಿಗೆ ಹೋಗಿ ಚಿಕ್ಕಮ್ಮನ ಮುಂದೆ ಕೂತೆ. "ನೀನು ಇದನ್ನು ಯಾವಾಗ ನೋಡಿದ್ದು?"

"ಇನ್ನೊಂದು ಸಲ ಹೋಗಿ ಬಸ್ ಬಿಟ್ಟೆ. ನಡ್ಕೊಂಡು ಬಂದೆ."

"ಒಬ್ಬಳೇ? ಆನೆ?"

"ಇತ್ತು. ಅದರ ಪಾಡಿಗೆ ಅದು."

"ಮಸ್ಟರಿಗೆ ಇಳಿಯುವ ಮುಂಚೆಯೋ, ಆಮೇಲೋ?"

"ಅದೆಲ್ಲ ಬರೆದಿಟ್ಕೊಳ್ಳೋಕೆ ನಾನೇನು ರೈಟರಾ?" ಎಂದು ಮೊರವನ್ನು ನನ್ನ ಕಡೆ ತಳ್ಳಿದಳು. "ಕೂತಿದ್ದೀಯಲ್ಲ, ಆರಿಸು."

ಆರಿಸಿದೆ. ಆರಿಸುತ್ತಾ ಯೋಚಿಸಿದೆ. ಹಾರವನ್ನೂ ಬ್ಯಾಂಡನ್ನೂ ಕಣ್ಣಾರೆ ನೋಡಿ, ಏಳು ಮೈಲಿ ನಡೆದು ಬಂದು, ಅದು ತನಗೆ ಬೇಡವೆಂದು ಮೆಟ್ಟಿಲು ಇಳಿದಿದ್ದರೆ ನನ್ನ ಸಿದ್ಧಾಂತ ಬಿದ್ದುಹೋಗುತ್ತದೆ. ಬೀಳಲಿ. ಬಸ್ಸು ಅವಳನ್ನು ಕಾಪಾಡಲಿಲ್ಲ, ಅವಳಿಗೆ ಬಸ್ಸಿನ ಹಂಗೇ ಇರಲಿಲ್ಲ ಎಂದಾಗುತ್ತದೆ. ನನ್ನ ಮೂರು ಕಾದಂಬರಿಗಳಿಗೆ ನಾನು ಬೇರೆ ಕಾರಣ ಹುಡುಕಬೇಕು. ಇಲ್ಲ, ಇಳಿದ ಮೇಲೆ ನೋಡಿದಳೋ? ಬಿಟ್ಟದ್ದು ಏನೆಂದು ಒಮ್ಮೆ ನೋಡಿಬರಲು ಹೋದಳೋ? ಮರುದಿನ ಬೆಳಿಗ್ಗೆ ಇದ್ದೇನೆ ಎಂದಾಗ ಅವಳ ಸ್ವರ ಬೇರೆಯಾಗಿತ್ತೋ?

ಗೊತ್ತಿಲ್ಲ. ಅವಳು ಹೇಳುವುದಿಲ್ಲ. ಬನಿಯನ್ನಿನ ಬಣ್ಣವನ್ನೇ ತಪ್ಪಿದ ನನ್ನನ್ನು ಕೇಳಿ ಪ್ರಯೋಜನವಿಲ್ಲ.