ಕೂಗದ ಪೆಟ್ಟಿಗೆ, ಬೀಳದ ಹೂವು

ಮಾದಪ್ಪನನ್ನು ನಂಬಿ ಬದುಕುವ ಅಕ್ಕ-ತಂಗಿಯರಿಗೂ ಅಣ್ಣ-ತಮ್ಮಂದಿರಿಗೂ ಭೀಮನಬೀಡಿನ ಒಬ್ಬ ಸೊಸೆಯ ನಮಸ್ಕಾರ.

ಮಾದಪ್ಪನ ಮಹಿಮೆಯನ್ನು ಇಲ್ಲಿ ಬರೆಯುವವರಲ್ಲಿ ಹೆಚ್ಚಿನವರು ವಾಸಿಯಾದ ಕಾಯಿಲೆಯನ್ನೋ ಕೂಡಿಬಂದ ಕಂಕಣವನ್ನೋ ಬರೆಯುತ್ತಾರೆ. ನನ್ನದು ಒಂದು ಪೇಟೆಂಟ್ ಅರ್ಜಿಯ ಕಥೆ. ನಗಬೇಡಿ. ಅದು ನನ್ನ ರಕ್ತ ಕುಡಿದಿದೆ. ಆ ದಿನಗಳಲ್ಲಿ ನಾನು ಮಾದಪ್ಪನನ್ನು ಬೈದಷ್ಟು ನನ್ನ ನಾದಿನಿಯನ್ನೂ ಬೈದಿಲ್ಲ. ಅದನ್ನು ಬಚ್ಚಿಡದೆ ಬರೆಯುತ್ತೇನೆ, ಅವನಿಗಂತೂ ಗೊತ್ತೇ ಇದೆ.

ನಾನು ಹುಟ್ಟಿದ್ದು ಹರದನಹಳ್ಳಿ, ಸೇರಿದ್ದು ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡು. ಚಾಮರಾಜನಗರದ ಒಂದು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತೇನೆ. ವಾರವೆಲ್ಲ ಅಲ್ಲಿ ಬಾಡಿಗೆ ಮನೆ, ಶನಿವಾರ ಬಸ್ಸು ಹತ್ತಿ ಊರು. ಯಜಮಾನರದು ಬೇಸಾಯ. ಬಾಳೆ, ಮುಸುಕಿನ ಜೋಳ, ಒಂದಿಷ್ಟು ಅರಿಶಿನ. ಹೊಲದಾಚೆಗೆ ಕಾಡು. ಜೋಳ ತೆನೆ ಕಟ್ಟಿತೆಂದರೆ ಆನೆಗೆ ಯಾರೂ ಹೇಳಿ ಕಳಿಸಬೇಕಾಗಿಲ್ಲ. ಆಗ ನಮ್ಮೂರ ಗಂಡಸರು ಹೊಲದ ಮರಗಳ ಮೇಲೆ ಅಟ್ಟಣೆ ಕಟ್ಟಿಕೊಂಡು ಕಾವಲಿರುತ್ತಾರೆ. ಆನೆ ಕಂಡವನು ಬಾಯಿ ಬಿಡದೆ ಪಕ್ಕದ ಅಟ್ಟಣೆಯ ಕಡೆ ಟಾರ್ಚ್ ಆಡಿಸುತ್ತಾನೆ, ಅವನು ಅದರಾಚೆಯವನಿಗೆ. ಜೇಬಿನಲ್ಲಿ ಫೋನಿದ್ದೂ ಪ್ರಯೋಜನವಿಲ್ಲ, ಆ ತಗ್ಗಿನಲ್ಲಿ ಟವರ್ ಸಿಗುವುದಿಲ್ಲ.

ಒಂದು ಕಾರ್ತಿಕದ ಬೆಳಗಿನ ಜಾವ ದಟ್ಟ ಮಂಜು ಕವಿದಿತ್ತು. ಯಜಮಾನರು ಆಡಿಸಿದ ಟಾರ್ಚು ಪಕ್ಕದ ಅಟ್ಟಣೆಯ ನಂಜುಂಡಣ್ಣನಿಗೆ ಕಾಣಲೇ ಇಲ್ಲ. ಆನೆ ಅವನ ಹೊಲದತ್ತಲೇ ನಡೆದಿತ್ತು. ಇವರಿಗೆ ತಡೆಯಲಾಗಲಿಲ್ಲ. ಮರ ಇಳಿದು, ಬದುವಿನ ಮೇಲೆ ಓಡಿ, ಬಾಯಲ್ಲೇ ಹೇಳಿ ಬರೋಣವೆಂದು ಹೊರಟರು. ಹಿಂದೆ ಇನ್ನೊಂದು ಆನೆ ಇತ್ತು. ಅದು ಅಟ್ಟಿಸಿಕೊಂಡು ಬಂತು, ಇವರು ಕಾಡಂಚಿನ ಕಂದಕಕ್ಕೆ ಬಿದ್ದರು. ಜೀವ ಉಳಿಯಿತು, ತೊಡೆಯ ಮೂಳೆ ಮುರಿಯಿತು. ಗುಂಡ್ಲುಪೇಟೆಯ ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿ ಮೈಸೂರಿಗೆ ಕಳಿಸಿದರು, ಅಲ್ಲಿ ರಾಡ್ ಹಾಕಿದರು.

ಆ ವಾರ್ಡಿನಲ್ಲಿ ಫ್ಲಾಸ್ಕ್ ಹಿಡಿದು ಕುಳಿತಾಗ ನನಗೆ ಬಂದದ್ದು ಅಳುವಲ್ಲ, ಸಿಟ್ಟು. ಒಂದು ಯಂತ್ರ ಇನ್ನೊಂದು ಯಂತ್ರದ ಜೊತೆ ತಂತಿಯಿಲ್ಲದೆ ಮಾತಾಡುವುದು ಹೇಗೆಂದು ವರ್ಷಾನುಗಟ್ಟಲೆ ಪಾಠ ಮಾಡಿದ್ದೇನೆ. ನನ್ನ ಗಂಡ ಮಾತ್ರ ಪಕ್ಕದ ಹೊಲಕ್ಕೆ ಸುದ್ದಿ ಮುಟ್ಟಿಸಲು ಆನೆಯ ಮುಂದೆ ಓಡಬೇಕೇ? ಮನೆಗೆ ಬಂದ ಮೇಲೆ ಅಡುಗೆಮನೆಯ ಕಟ್ಟೆಯನ್ನೇ ಲ್ಯಾಬ್ ಮಾಡಿಕೊಂಡೆ. ಸಾಬೂನಿನ ಡಬ್ಬಿಯಷ್ಟು ಪೆಟ್ಟಿಗೆ. ಟವರ್ ಬೇಡ, ಸಿಮ್ ಬೇಡ. ಅಟ್ಟಣೆಯಲ್ಲಿರುವವನು ಗುಂಡಿ ಒತ್ತಿದರೆ ಅದು ಪಕ್ಕದ ಪೆಟ್ಟಿಗೆಗೆ ಹೇಳುತ್ತದೆ, ಅದು ಮುಂದಿನದಕ್ಕೆ. ನಮ್ಮ ಅಕ್ಕಪಕ್ಕದ ನಾಲ್ಕೈದು ಅಟ್ಟಣೆಗೆ ಕಟ್ಟಿದೆವು. ಕೆಲಸ ಮಾಡಿದವು. ಆದರೆ ಕೈಯಲ್ಲಿ ಬೆಸುಗೆ ಹಾಕಿದ ಪೆಟ್ಟಿಗೆಗಳು, ಮೊದಲ ಮಳೆಗೇ ನೀರು ಕುಡಿದು ಒಂದೊಂದಾಗಿ ಮಲಗಿದವು. ಗಟ್ಟಿಯಾಗಿ ಮಾಡಿಕೊಡಿ ಎಂದು ಮೈಸೂರಿನ ಒಬ್ಬ ತಯಾರಕರನ್ನು ಕೇಳಿಕೊಂಡೆ.

"ಪೇಟೆಂಟ್ ಆಗಲಿ ಮೇಡಂ, ಆಮೇಲೆ ಅಚ್ಚು ಹಾಕಿಸ್ತೀನಿ. ಇಲ್ಲದಿದ್ರೆ ನಾನು ಮಾಡಿದ ಮಾರನೇ ದಿನ ಇನ್ನೊಬ್ಬ ಮಾಡ್ತಾನೆ" ಎಂದರು ಅವರು.

ಹೀಗೆ ಶುರುವಾಯಿತು ನನ್ನ ಗ್ರಹಚಾರ. ಬೆಂಗಳೂರಿನ ಒಬ್ಬ ಪೇಟೆಂಟ್ ಏಜೆಂಟರನ್ನು ಹಿಡಿದೆ. ಅವರು ಅರ್ಜಿ ಬರೆದರು, ನಾನು ಚಿತ್ರ ಬರೆದುಕೊಟ್ಟೆ, ಸಹಿ ಹಾಕಿದೆ, ಕಾದೆ. ಕಾದೂ ಕಾದೂ ಒಂದು ದಿನ ಪರೀಕ್ಷಾ ವರದಿ ಬಂತು. ನಾವು ಮಾಡಿದ್ದರಲ್ಲಿ ಹೊಸದೇನಿದೆ ಎಂದು ಪರೀಕ್ಷಕರು ಹುಡುಕಿ ನೋಡಿ ಬರೆಯುವ ವರದಿ ಅದು. ಏನೂ ಇಲ್ಲ ಎಂದು ಬರೆದಿದ್ದರು.

ಅವರು ತೋರಿಸಿದ್ದು ಎರಡು ಹಳೆಯ ಪೇಟೆಂಟ್ ದಾಖಲೆ, ಎರಡೂ ಹೊರದೇಶದವು. ಮೊದಲನೆಯದರಲ್ಲಿ ಹತ್ತಿರದ ಫೋನುಗಳು ನೇರವಾಗಿ ಮಾತಾಡಿಕೊಳ್ಳುತ್ತವೆ, ಆದರೆ ಯಾರು ಯಾರೊಡನೆ ಎಂದು ಟವರ್ ಹೇಳುತ್ತದೆ. ಎರಡನೆಯದರಲ್ಲಿ ಟವರ್ ಇಲ್ಲ. ಅಪಾಯ ಕಂಡ ಯಂತ್ರ ತಾನು ಕೂಗಿಕೊಂಡು ಮುಂದಿನದಕ್ಕೂ ಹೇಳುತ್ತದೆ. ಈ ವಿದ್ಯೆ ಬಲ್ಲ ಯಾರಿಗಾದರೂ ಇವೆರಡನ್ನು ಕೂಡಿಸಿದರೆ ನಿಮ್ಮ ಪೆಟ್ಟಿಗೆ ಹೊಳೆಯುತ್ತದೆ ಎಂಬುದು ಆಕ್ಷೇಪಣೆ.

ಸ್ಟಾಫ್ ರೂಮಿನಿಂದಲೇ ಏಜೆಂಟರಿಗೆ ಫೋನ್ ಮಾಡಿದೆ. "ಉಪ್ಪೂ ಮೆಣಸಿನಕಾಯೂ ಮೊದಲೇ ಇದ್ದವು. ಹಾಗಂತ ನಮ್ಮತ್ತೆ ಮಾಡೋ ಉಪ್ಸಾರನ್ನೂ ಯಾರೋ ಮೊದಲೇ ಮಾಡಿಟ್ಟಿದ್ರು ಅಂತೀರೇನ್ರೀ?"

ಅವರು ತಾಳ್ಮೆಯ ಮನುಷ್ಯ. "ಪರೀಕ್ಷಕರು ಹಾಗೇ ಕೇಳ್ತಾರೆ ಮೇಡಂ, ಅದೇ ಅವರ ಕೆಲಸ. ನಾವು ವ್ಯತ್ಯಾಸ ತೋರಿಸಬೇಕು, ಅಷ್ಟೆ."

ತೋರಿಸಿದೆವು. ಬ್ಯಾಟರಿ ಹೆಚ್ಚು ಬಾಳುತ್ತದೆ ಎಂದೆವು, ಅಗ್ಗ ಎಂದೆವು, ಮಂಜಿನಲ್ಲೂ ಮುಟ್ಟುತ್ತದೆ ಎಂದೆವು. ಉತ್ತರ ಸಾಲದು, ವಿಡಿಯೋದಲ್ಲಿ ವಿಚಾರಣೆಗೆ ಬನ್ನಿ ಎಂದು ನೋಟಿಸ್ ಬಂತು. ಅಲ್ಲೂ ಒಪ್ಪಿಸಲಾಗದಿದ್ದರೆ ಅರ್ಜಿ ತಿರಸ್ಕಾರ.

ಅಷ್ಟರಲ್ಲಿ ಮತ್ತೆ ಜೋಳ ತೆನೆ ಕಟ್ಟಿತ್ತು. ಕೋಲು ಹಿಡಿದು ನಡೆಯುತ್ತಿದ್ದ ಯಜಮಾನರು ಒಂದು ಶನಿವಾರ ಅಟ್ಟಣೆಗೆ ಹೊಸ ಹಗ್ಗ ಹೊಸೆಯುತ್ತಾ ಕುಳಿತಿದ್ದರು.

"ಆ ಕಾಲಿಟ್ಕೊಂಡು ಮರ ಹತ್ತೀರಾ?"

"ಊರೋರೆಲ್ಲ ಅಟ್ಣೆ ಮ್ಯಾಲಿದ್ರೆ ನಾನೊಬ್ಬ ಮನೇಲಿ ಕುಂತ್ಕಳನಾ? ನಿನ್ ಪೆಟ್ಗೆ ಬರಗಂಟ ಆನೆ ಕಾಯ್ಕಂಡಿರ್ತದಾ? ಬುಡಮ್ಮಿ."

ಅವರ ಮಾತು ಸುಳ್ಳಲ್ಲ, ಅದಕ್ಕೇ ಇನ್ನೂ ಉರಿಯಿತು. ಮತ್ತೆ ಮಂಜು ಬಿದ್ದರೆ, ಮತ್ತೆ ಟಾರ್ಚು ಕಾಣದಿದ್ದರೆ ಈ ಮನುಷ್ಯ ಮತ್ತೆ ಇಳಿದು ಓಡುತ್ತಾರೆ. ಈ ಸಲ ಓಡಲೂ ಆಗುವುದಿಲ್ಲ.

ವಿಚಾರಣೆ ಗುರುವಾರ. ಹಿಂದಿನ ಸೋಮವಾರ ರಜೆ ಹಾಕಿ ಅತ್ತೆಯ ಜೊತೆ ನಮ್ಮೂರ ಮಾದಪ್ಪನ ಗುಡಿಗೆ ಹೋದೆ. ಅಲ್ಲಿ ಹೂ ಕೇಳುವ ಪದ್ಧತಿ ಇದೆ. ಮನಸ್ಸಿನಲ್ಲಿ ಕೇಳಿಕೊಂಡು ಕೂರಬೇಕು. ದೇವರ ಬಲಗಡೆಯಿಂದ ಹೂ ಬಿದ್ದರೆ ಆಗುತ್ತದೆ, ಎಡದಿಂದ ಬಿದ್ದರೆ ಇಲ್ಲ. ನನ್ನ ಮುಂದೆ ಒಬ್ಬಾಕೆ ಕಳೆದುಹೋದ ಮೇಕೆಗಾಗಿ ಕೇಳಿಕೊಂಡಳು. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಬಲಗಡೆಯಿಂದ ಹೂ ಬಿತ್ತು. ಆಮೇಲೆ ನಾನು ಕುಳಿತೆ. ಮಂಗಳಾರತಿ ಆಯಿತು, ಬಂದವರೆಲ್ಲ ಹೋದರು, ನನ್ನ ಮಂಡಿ ಮರಗಟ್ಟಿತು. ಬಲಕ್ಕೂ ಇಲ್ಲ, ಎಡಕ್ಕೂ ಇಲ್ಲ. ಆಗುವುದಿಲ್ಲ ಎಂದಾದರೂ ಹೇಳಬಾರದೇ? ಮೇಕೆ ಹುಡುಕಲು ಪುರುಸೊತ್ತಿದೆ, ನನ್ನ ಗಂಡನ ಜೀವದ ಬಗ್ಗೆ ಒಂದು ಹೂ ಉದುರಿಸಲು ಆಗುವುದಿಲ್ಲವೇ ನಿನಗೆ ಎಂದು ಮನಸ್ಸಿನಲ್ಲೇ ಜಗಳಕ್ಕೆ ನಿಂತೆ.

ಪೂಜಾರಪ್ಪ ಸಮಾಧಾನ ಹೇಳಿದರು. "ಬುಡಿ ಕಣವ್ವ, ಇನ್ನೊಂದ್ ಸ್ವಾಮಾರ ಬಂದ್ರಾಯ್ತು."

"ಗುರುವಾರ ಎಲ್ಲ ಮುಗಿದುಹೋಗ್ತದೆ. ಮುಂದಿನ ಸೋಮವಾರ ಬಂದು ತಿಥಿ ಮಾಡ್ಲಾ?" ಎಂದುಬಿಟ್ಟೆ.

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಗುರುವಾರ ಯಜಮಾನರ ಕಾಲಿನ ವ್ಯಾಯಾಮಕ್ಕೆ ಗುಂಡ್ಲುಪೇಟೆಯ ಆಸ್ಪತ್ರೆಗೆ ಹೋಗಬೇಕಿತ್ತು. ಹಾಗಾಗಿ ಅಲ್ಲೇ ಇರುವ ನಾದಿನಿಯ ಮನೆಯ ನಡುಮನೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತೆ. ಅವಳು ಒಳಗೆ ತಟ್ಟೆ ಲೋಟ ಸದ್ದು ಮಾಡದಂತೆ ಕೆಲಸ ಮಾಡುತ್ತಿದ್ದಳು, ಯಜಮಾನರು ಪಕ್ಕದಲ್ಲಿ ಕಾಲು ಚಾಚಿ ಕುಳಿತಿದ್ದರು. ಪರದೆಯ ಮೇಲೆ ಬೆಂಗಳೂರಿನಿಂದ ಏಜೆಂಟರು, ದೂರದೂರಿನ ಕಚೇರಿಯಿಂದ ವಿಚಾರಣೆ ನಡೆಸುವ ಅಧಿಕಾರಿ. ನನ್ನ ವಯಸ್ಸಿನವರೇ ಆದ ಹೆಣ್ಣುಮಗಳು, ತಮಿಳು ಮಾತಿನವರು. ಮಾತೆಲ್ಲ ಇಂಗ್ಲಿಷಿನಲ್ಲಿ.

ಏಜೆಂಟರು ಬ್ಯಾಟರಿಯ ಬಗ್ಗೆ ಹೇಳಿದರು. ಅಗ್ಗವಾದ ಮಾತ್ರಕ್ಕೆ, ಹೆಚ್ಚು ಬಾಳಿದ ಮಾತ್ರಕ್ಕೆ ಹೊಸ ಆವಿಷ್ಕಾರವಾಗುವುದಿಲ್ಲ ಎಂದರು ಅಧಿಕಾರಿ. ಮುಖದಲ್ಲಿ ಸಿಟ್ಟಿಲ್ಲ, ಬೇಸರ ಮಾತ್ರ. ಕೊನೆಗೆ ಕೇಳಿದರು, "ಎರಡನೇ ದಾಖಲೆಯಲ್ಲಿ ಅಪಾಯ ಕಂಡ ಯಂತ್ರ ಕೂಗುತ್ತದೆ, ಮುಂದಕ್ಕೂ ಹೇಳುತ್ತದೆ. ನಿಮ್ಮದೂ ಅದನ್ನೇ ಮಾಡುತ್ತದಲ್ಲವೇ?"

"ಹೌದು ಮೇಡಂ, ನಮ್ಮದೂ ಕೂಗುತ್ತದೆ, ಆದರೆ..." ಎಂದು ಏಜೆಂಟರು ಶುರುಮಾಡಿದರು.

ನನ್ನ ತಲೆ ಕೆಟ್ಟಿತು. ಕಾಲೇಜಿನ ಗೇಟಿನಲ್ಲೇ ಬಿಟ್ಟು ಒಳಗೆ ಹೋಗುವ ನನ್ನ ಊರ ಮಾತು ತಾನಾಗಿ ನುಗ್ಗಿತು. "ಇಲ್ಲಾ! ಯಾರ್ರೀ ಏಳಿದ್ದು ನಿಮ್ಗೆ? ಆನೆ ಕಾಲಡಿ ಕುಂತ್ಕಂಡು ಯಾವನ್ರೀ ಕೂಗ್ತಾನೆ?"

ಒಳಗೆ ನಾದಿನಿಯ ಕೈಯಿಂದ ತಟ್ಟೆ ಬಿತ್ತು. ಏಜೆಂಟರು ಕಣ್ಣು ಮುಚ್ಚಿಕೊಂಡರು. ಅಧಿಕಾರಿ ಮಾತ್ರ ಮುಂದಕ್ಕೆ ಬಾಗಿದರು. ಆನೆ ಎಂಬ ಮಾತು ಅವರ ಭಾಷೆಯಲ್ಲೂ ಹೆಚ್ಚುಕಡಿಮೆ ಹಾಗೇ ಇದೆ. "ಆನೆಯ ವಿಷಯ ಏನೋ ಹೇಳಿದಿರಲ್ಲ, ಬಿಡಿಸಿ ಹೇಳಿ" ಎಂದರು.

ಹೇಳಿದೆ. ಅಟ್ಟಣೆಯ ಕೆಳಗೇ ಆನೆ ನಿಂತಿರುವಾಗ ಕೂಗಿದರೆ ಅದು ಮರವನ್ನೇ ಅಲುಗಿಸುತ್ತದೆ. ಅದಕ್ಕೇ ಕಂಡವನು ಕೂಗುವುದಿಲ್ಲ, ಅವನ ಪಕ್ಕದವನೂ ಕೂಗುವುದಿಲ್ಲ. ಅವರಾಚೆಗೆ, ಊರ ಕಡೆ ದೂರದಲ್ಲಿರುವವರು ತಮಟೆ ಬಡಿದು ಕೂಗು ಹಾಕಬೇಕು. ಆಗ ಆನೆ ಊರಿನತ್ತ ಬರದೆ ಕಾಡಿನತ್ತ ತಿರುಗುತ್ತದೆ. ನಮ್ಮ ಪೆಟ್ಟಿಗೆ ಮಾಡುವುದೂ ಅದನ್ನೇ. ಗುಂಡಿ ಒತ್ತಿದ ಪೆಟ್ಟಿಗೆ ಮೂಕ, ಪಕ್ಕದ್ದೂ ಮೂಕ. ಸುದ್ದಿ ಎಷ್ಟು ಕೈ ದಾಟಿ ಬಂತು ಎಂದು ಪ್ರತಿ ಪೆಟ್ಟಿಗೆ ಲೆಕ್ಕ ಇಡುತ್ತದೆ, ಸಾಕಷ್ಟು ದೂರ ಬಂದ ಮೇಲೆಯೇ ಸೈರನ್ ಕೂಗಿಸುತ್ತದೆ. ಮುಟ್ಟಿತು ಎಂಬ ಸುದ್ದಿ ಹಿಂದಕ್ಕೆ ಬಂದಾಗ ಒತ್ತಿದವನ ಕೈಯಲ್ಲಿ ಪೆಟ್ಟಿಗೆ ಸಣ್ಣಗೆ ನಡುಗುತ್ತದೆ, ಅಷ್ಟೆ.

"ಇದು ನೀವು ಮೊದಲು ಸಲ್ಲಿಸಿದ ಅರ್ಜಿಯಲ್ಲಿ ಇದೆಯೇ? ಈಗ ಹೊಸದಾಗಿ ಸೇರಿಸಲು ಬರುವುದಿಲ್ಲ" ಎಂದರು ಅಧಿಕಾರಿ.

ಇದಿಷ್ಟು ನಮ್ಮದು ಎಂದು ಅರ್ಜಿಯಲ್ಲಿ ಹಕ್ಕು ಕೇಳುವ ಸಾಲುಗಳಲ್ಲಿ ಏಜೆಂಟರು ಎಲ್ಲರೂ ಬರೆಯುವ ಹಾಗೆ "ಅಪಾಯ ಕಂಡ ಯಂತ್ರ ಎಚ್ಚರಿಕೆ ಕೂಗುತ್ತದೆ" ಎಂದು ಬರೆದಿದ್ದರು. ಹೀಗಲ್ಲ ಎಂದು ನಾನೂ ಹೇಳಿರಲಿಲ್ಲ. ಆನೆಯ ಹತ್ತಿರ ಇರುವವನು ಕೂಗಬಾರದು ಎಂದು ಭೀಮನಬೀಡಿನಲ್ಲಿ ಯಾರೂ ಯಾರಿಗೂ ಹೇಳುವುದಿಲ್ಲ. ಚಪ್ಪಲಿ ಬಿಟ್ಟು ಗುಡಿಗೆ ಹೋಗು ಎಂದು ಹೇಳುತ್ತೇವೆಯೇ? ಅದು ತಿಳಿಯದವರೂ ಇರುತ್ತಾರೆ ಎಂಬುದೇ ನಮಗೆ ಹೊಳೆದಿರಲಿಲ್ಲ.

ಮಾದಪ್ಪಾ ಎಂದೆ. ಅಷ್ಟೇ, ಬೇರೇನೂ ಕೇಳಿಕೊಳ್ಳಲು ಆಗಲಿಲ್ಲ. ಆಗ ನಾನೇ ಬರೆದ ಚಿತ್ರಗಳು ಕಣ್ಣಿಗೆ ಬಂದವು. ಆನೆಯ ಹತ್ತಿರದ ಪೆಟ್ಟಿಗೆಗಳಲ್ಲಿ ಸೈರನ್ ಬರೆದು, ಅದರ ಮೇಲೆ ಅಡ್ಡಗೀಟು ಎಳೆದು, ಯಾವುದು ಎಲ್ಲಿಂದ ಕೂಗಬೇಕೆಂದು ಪಕ್ಕದಲ್ಲೇ ಬರೆದಿದ್ದೆ. ಏಜೆಂಟರು ಅದನ್ನು ಸೈರನ್ ಇಲ್ಲದ ಅಗ್ಗದ ಮಾದರಿ ಎಂದುಕೊಂಡಿದ್ದರಂತೆ! ಅಧಿಕಾರಿ ಆ ಚಿತ್ರ ತೆರೆದು ಬಹಳ ಹೊತ್ತು ನೋಡಿದರು. "ಅಪಾಯದಲ್ಲಿ ಇರುವವನೇ ಕೂಗಬೇಕು ಎಂದು ಈ ಎರಡೂ ದಾಖಲೆ ಅಂದುಕೊಂಡಿವೆ. ಹಕ್ಕಿನ ಸಾಲುಗಳನ್ನು ಈ ಚಿತ್ರಕ್ಕೆ ತಕ್ಕಂತೆ ತಿದ್ದಿ ಕಳಿಸಿ, ನೋಡುತ್ತೇನೆ" ಎಂದರು. ಮಾತು ಕೊಡಲಿಲ್ಲ.

ಅದು ಮುಗಿದ ಮೇಲೂ ನೆಮ್ಮದಿಯೇನೂ ಬರಲಿಲ್ಲ. ತಿದ್ದಿ ಕಳಿಸಿದ ಮೇಲೆ ಮತ್ತೆ ಕಾಯುವುದು. ಯಜಮಾನರು ಬೇಡವೆಂದರೂ ಅಟ್ಟಣೆ ಹತ್ತಿದರು, ನಾನು ಚಾಮರಾಜನಗರದಲ್ಲಿ ಬೆಳಗಾಗೆದ್ದು ಫೋನು ನೋಡಿಯೇ ಮುಖ ತೊಳೆಯುತ್ತಿದ್ದೆ. ಒಂದು ಶನಿವಾರ ಗುಂಡ್ಲುಪೇಟೆಯ ಬಸ್ಸಿನಲ್ಲಿದ್ದಾಗ ಏಜೆಂಟರ ಫೋನು. "ಆಯ್ತು ಮೇಡಂ, ಪೇಟೆಂಟ್ ಮಂಜೂರಾಯ್ತು." ನಾನು ಅಷ್ಟು ಜನರ ಮಧ್ಯೆ ಗಟ್ಟಿಯಾಗಿ ಅತ್ತುಬಿಟ್ಟೆ. "ಯಾಕ್ರಕ್ಕ, ಯಾರ್ಗಾದ್ರೂ ಏನಾದ್ರೂ ಆಯ್ತಾ?" ಎಂದು ಕಂಡಕ್ಟರ್ ಗಾಬರಿಯಾಗಿ ಕೇಳಿದರು. ಒಳ್ಳೆಯದೇ ಆಯಿತು ಎಂದೆ.

ಮೈಸೂರಿನ ತಯಾರಕರು ಕೊಟ್ಟ ಮಾತಿನಂತೆ ಅಚ್ಚು ಹಾಕಿಸಿದರು. ಮುಂದಿನ ಬೆಳೆಗೆ ನೀರು ಕುಡಿಯದ ಪೆಟ್ಟಿಗೆಗಳು ನಮ್ಮೂರ ಅಟ್ಟಣೆಗಳಿಗೆ ಬಂದವು. ಅಂಥದೇ ಒಂದು ಮಂಜಿನ ಜಾವ ಯಜಮಾನರ ಮರದ ಕೆಳಗೇ ಆನೆ ಬಂದು ನಿಂತಿತಂತೆ. ಗುಂಡಿ ಒತ್ತಿ ಉಸಿರು ಬಿಗಿಹಿಡಿದು ಕುಳಿತರಂತೆ. ಪೆಟ್ಟಿಗೆ ಕೈಯಲ್ಲಿ ನಡುಗಿತು, ಊರ ಕಡೆಯಿಂದ ಸೈರನ್ ಎದ್ದಿತು, ಆನೆ ಕಾಡಿನತ್ತ ತಿರುಗಿತು. ಅವರು ಮರ ಇಳಿಯಲಿಲ್ಲ. ಬೆಳಕು ಹರಿದ ಮೇಲೆ ಕೋಲೂರಿಕೊಂಡು ಮನೆಗೆ ಬಂದು ಮುದ್ದೆ ಉಂಡರು.

ಆ ಸೋಮವಾರ ಇಬ್ಬರೂ ಗುಡಿಗೆ ಹೋದೆವು. ಪೂಜೆ ಮುಗಿಸಿ ಜಗುಲಿಯ ಮೇಲೆ ಕುಳಿತಾಗ ನನ್ನ ಹಳೆಯ ತಕರಾರು ತೆಗೆದೆ. ಎಲ್ಲ ನಡೆಸಿಕೊಟ್ಟ ಸರಿ, ಅವತ್ತು ಒಂದು ಹೂ ಕೊಟ್ಟಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಅಷ್ಟು ಹೊತ್ತು ಎದುರಿಗೇ ಕೂತು ಕೇಳಿದರೂ ಸುಮ್ಮನಿದ್ದು, ಕಡೆಗೆ ಎಲ್ಲೋ ದೂರದೂರಿನ ಹೆಣ್ಣುಮಗಳ ಬಾಯಲ್ಲಿ ಕೇಳಿಸಬೇಕಿತ್ತೇ ಎಂದೆ.

ಯಜಮಾನರು ಕಾಲು ನೀವಿಕೊಳ್ಳುತ್ತಾ ನಕ್ಕರು. "ಪೆಟ್ಗೆ ಮಾಡ್ದೋಳು ನೀನೇ, ನನ್ನ ಕೇಳೀಯಲ್ಲಮ್ಮಿ. ಅತ್ರ ಇರೋನು ಕೂಗಲ್ಲ ಕಣಮ್ಮಿ."

ಎದ್ದು ಮತ್ತೊಮ್ಮೆ ಒಳಗೆ ಹೋಗಿ ಅಡ್ಡಬಿದ್ದೆ. ಈಗಲೂ ಸೋಮವಾರ ಊರಲ್ಲಿದ್ದರೆ ಗುಡಿಗೆ ಹೋಗುತ್ತೇನೆ, ಆದರೆ ಹೂ ಕೇಳುವುದಿಲ್ಲ. ಅವನ ಎದುರಿಗೆ ಸುಮ್ಮನೆ ಕುಳಿತು ಬರುತ್ತೇನೆ. ಉಘೇ ಮಾದಪ್ಪ.